ಕಿವಿಗೆ ಹೊಂದುವ ಸದ್ದು: ರಿಂಗ್‌ಟೋನ್ ಮತ್ತು ಸೂಚನಾ ಧ್ವನಿಗಳನ್ನು ಆರಿಸಿ ಅಳವಡಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಊರಿನಲ್ಲಿರುವ ಅಪ್ಪನಿಗೆ ಹೊಸ ಫೋನ್ ಕೊಡಿಸಿದಾಗ, ಗೆಜ್ಜೆಯ ದನಿಯಂತಹ ಇಂಪಾದ ರಿಂಗ್‌ಟೋನ್ ಒಂದನ್ನು ನಾನೇ ಆರಿಸಿ ಹಾಕಿದ್ದೆ. ಮುಂದಿನ ಎರಡು ತಿಂಗಳಲ್ಲಿ ನಾನು ಮಾಡಿದ ಕರೆಗಳ ಪೈಕಿ ಅರ್ಧದಷ್ಟನ್ನು ಅವರು ಎತ್ತಲೇ ಇಲ್ಲ. ಫೋನ್ ಅಂಗಿಯ ಜೇಬಿನಲ್ಲೇ ಇರುತ್ತಿತ್ತು, ಧ್ವನಿಯ ಮಟ್ಟವೂ ಪೂರ್ತಿಯಾಗಿತ್ತು. ಊರಿಗೆ ಹೋದಾಗ ಜಗಲಿಯಲ್ಲಿ ಅವರ ಪಕ್ಕದಲ್ಲೇ ಕುಳಿತು ನನ್ನ ಫೋನಿನಿಂದ ಕರೆ ಮಾಡಿ ನೋಡಿದೆ. ಜೇಬಿನೊಳಗಿಂದ ಗೆಜ್ಜೆಯ ಸದ್ದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅವರು ಅಡಿಕೆ ಹೋಳು ಮಾಡುತ್ತ, ಮಳೆಯ ವಿಚಾರ ಹೇಳುತ್ತಲೇ ಇದ್ದರು. ಸದ್ದು ಜೋರಾಗಿಯೇ ಇತ್ತು, ಆದರೆ ಅದರ ಶ್ರುತಿ ಅವರ ವಯಸ್ಸಿನ ಕಿವಿಗೆ ಎಟುಕದಷ್ಟು ಮೇಲಿತ್ತು. ಅದನ್ನು ತೆಗೆದು ಹಾರ್ಮೋನಿಯಂ ದನಿಯ ಒಂದು ತುಣುಕನ್ನು ಹಾಕಿ ಮತ್ತೆ ಕರೆ ಮಾಡಿದಾಗ, ಮೊದಲ ಸ್ವರಕ್ಕೇ ಅವರ ಕೈ ಜೇಬಿಗೆ ಹೋಯಿತು.

ರಿಂಗ್‌ಟೋನ್ ಅವರವರ ಇಷ್ಟದ ವಿಷಯ ಎಂದು ನಾವೆಲ್ಲ ಭಾವಿಸಿರುತ್ತೇವೆ. ಇಷ್ಟಕ್ಕೂ ಜಾಗವಿದೆ. ಆದರೆ ಆ ಸದ್ದಿಗೆ ಮೊದಲು ಮಾಡಬೇಕಾದ ಕೆಲಸವೊಂದಿದೆ: ಪರದೆಯನ್ನು ನೋಡುವ ಮೊದಲೇ ಯಾರು ಕರೆಯುತ್ತಿದ್ದಾರೆ, ಈಗಲೇ ಏಳಬೇಕೋ ಬೇಡವೋ ಎಂಬುದನ್ನು ಅದು ತಿಳಿಸಬೇಕು. ಈ ಕೆಲಸಕ್ಕೆ ತಕ್ಕಂತೆ ಫೋನಿನ ಸದ್ದುಗಳನ್ನು ಜೋಡಿಸಿಕೊಳ್ಳುವುದು ಹೇಗೆಂದು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ. ಫೋನಿನ ಕಂಪನಿ ಮತ್ತು ಆವೃತ್ತಿಗೆ ತಕ್ಕಂತೆ ಆಯ್ಕೆಗಳ ಹೆಸರು ತುಸು ಬದಲಾಗಬಹುದು. ದಾರಿ ಮಾತ್ರ ಹೆಚ್ಚುಕಡಿಮೆ ಇದೇ.

ಮೊದಲು ಒಂದು ದಿನ ಸುಮ್ಮನೆ ಕೇಳಿ

ಸೆಟ್ಟಿಂಗ್ಸ್ ತೆರೆಯುವ ಮೊದಲು ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಫೋನ್ ಸದ್ದು ಮಾಡಿದಾಗಲೆಲ್ಲ ಅದು ಏಕೆ ಸದ್ದು ಮಾಡಿತು, ನೀವು ಕೂಡಲೇ ನೋಡಬೇಕಾಗಿತ್ತೇ ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆದುಕೊಳ್ಳಿ. ದಿನದ ಕೊನೆಗೆ ಆ ಹಾಳೆಯಲ್ಲಿ ಮನೆಯವರ ಕರೆಗಳು ನಾಲ್ಕೈದು ಸಾಲಿನಲ್ಲಿದ್ದರೆ, ಉಳಿದ ಪುಟವೆಲ್ಲ ಬಂಧುಗಳ ಗುಂಪಿನ ಶುಭೋದಯದ ಚಿತ್ರಗಳು, ಅಂಗಡಿಗಳ ರಿಯಾಯಿತಿ ಸಂದೇಶಗಳು ಮತ್ತು ಆಟದ ಆ್ಯಪ್‌ಗಳ ನೆನಪೋಲೆಗಳಿಂದ ತುಂಬಿರುವುದು ಸಾಮಾನ್ಯ. ಎಲ್ಲಕ್ಕೂ ಒಂದೇ ‘ಟಿಂಗ್’ ಎನ್ನುವ ಫೋನಿನಲ್ಲಿ, ಮುಖ್ಯವಾದ ಸದ್ದು ಉಳಿದ ಸದ್ದುಗಳ ನಡುವೆ ಕಳೆದುಹೋಗುತ್ತದೆ. ಕೆಲವೇ ವಾರಗಳಲ್ಲಿ ಕಿವಿ ಆ ‘ಟಿಂಗ್’ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಾಳೆಯಲ್ಲಿರುವುದನ್ನೆಲ್ಲ ನಾಲ್ಕು ಗುಂಪು ಮಾಡಿ: ಎಲ್ಲಿದ್ದರೂ ಎದ್ದು ಬಂದು ಎತ್ತಬೇಕಾದವರ ಕರೆ, ಉಳಿದವರ ಕರೆ, ಸದ್ದು ಬೇಕಾದ ಸಂದೇಶಗಳು, ಸದ್ದೇ ಬೇಡವಾದವು. ನನ್ನ ಅನುಭವದಲ್ಲಿ ಒಂದು ಫೋನಿನಲ್ಲಿ ಅಲಾರಂ ಸೇರಿ ಐದಾರು ಬಗೆಯ ಸದ್ದುಗಳಿಗಿಂತ ಹೆಚ್ಚನ್ನು ಇಟ್ಟುಕೊಂಡರೆ, ಯಾವುದು ಯಾರದೆಂದು ನಮಗೇ ಮರೆತುಹೋಗುತ್ತದೆ.

ರಿಂಗ್‌ಟೋನ್ ಬೇರೆ, ಕಾಲರ್ ಟ್ಯೂನ್ ಬೇರೆ

ಈ ಎರಡನ್ನೂ ಒಂದೆಂದು ತಿಳಿದು ಹಣ ಕಳೆದುಕೊಂಡವರನ್ನು ನಾನು ಕಂಡಿರುವುದರಿಂದ ಇಷ್ಟನ್ನು ಹೇಳಲೇಬೇಕು. ನಿಮಗೆ ಯಾರಾದರೂ ಕರೆ ಮಾಡಿದಾಗ ನಿಮ್ಮ ಫೋನಿನಲ್ಲಿ ಮೊಳಗುವುದು ರಿಂಗ್‌ಟೋನ್. ಅದೇ ಹೊತ್ತಿಗೆ, ಕರೆ ಮಾಡಿದವರ ಕಿವಿಗೆ ‘ಟ್ರಿಣ್ ಟ್ರಿಣ್’ ಬದಲಿಗೆ ಕೇಳುವ ಹಾಡು ಕಾಲರ್ ಟ್ಯೂನ್. ಅದು ಇರುವುದು ಸಿಮ್ ಕಂಪನಿಯ ಜಾಲದಲ್ಲಿ, ನಿಮ್ಮ ಫೋನಿನಲ್ಲಿ ಅಲ್ಲ. 2020ರ ಮಾರ್ಚ್‌ನಿಂದ ಯಾರಿಗೆ ಕರೆ ಮಾಡಿದರೂ ಮೊದಲು ಕೆಮ್ಮಿನ ಸದ್ದು, ಅದರ ಬೆನ್ನಿಗೆ ಕೊರೊನಾ ಎಚ್ಚರಿಕೆ ಕೇಳಿಸುತ್ತಿತ್ತಲ್ಲ, ಅದೂ ಹೀಗೆಯೇ ಜಾಲದಿಂದ ಬರುತ್ತಿತ್ತು. ಆದ್ದರಿಂದ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಹುಡುಕಿದರೂ ಕಾಲರ್ ಟ್ಯೂನ್ ಸಿಗುವುದಿಲ್ಲ, ಮತ್ತು ಫೋನಿನಲ್ಲಿರುವ ರಿಂಗ್‌ಟೋನ್ ಬದಲಿಸಲು ಯಾರಿಗೂ ಹಣ ಕೊಡಬೇಕಾಗಿಲ್ಲ.

ಯಾವ ಸದ್ದನ್ನು ಆರಿಸಬೇಕು

ಇಲ್ಲಿ ಮೂರು ಸಂಗತಿಗಳನ್ನು ಒಟ್ಟಿಗೆ ನೋಡಬೇಕು: ಫೋನಿನ ಸ್ಪೀಕರ್ ಏನನ್ನು ನುಡಿಸಬಲ್ಲದು, ಕೇಳುವವರ ಕಿವಿ ಏನನ್ನು ಹಿಡಿಯಬಲ್ಲದು, ಸುತ್ತಲಿನ ಗದ್ದಲ ಏನನ್ನು ನುಂಗುತ್ತದೆ.

ಫೋನಿನ ಸ್ಪೀಕರ್ ಬೆರಳಿನ ಉಗುರಿನಷ್ಟು ಚಿಕ್ಕದು. ಕೆಳಗಿನ ಶ್ರುತಿಯ, ಅಂದರೆ ಕೆಲವು ನೂರು ಹರ್ಟ್ಸ್‌ಗಿಂತ ಕಡಿಮೆ ಕಂಪನಾಂಕದ ಧ್ವನಿಯನ್ನು ಅದು ಬಲವಾಗಿ ಹೊರಡಿಸಲಾರದು. ಮೃದಂಗದ ಎಡಭಾಗದ ಗುಮುಕು, ತಂಬೂರಿಯ ಮಂದ್ರ, ಸಿನಿಮಾ ಹಾಡುಗಳ ಬೇಸ್ ಇವೆಲ್ಲ ಹೆಡ್‌ಫೋನಿನಲ್ಲಿ ಎದೆ ತುಂಬಿದರೂ ಜೇಬಿನಲ್ಲಿರುವ ಫೋನಿನಿಂದ ಬರುವ ಹೊತ್ತಿಗೆ ಬರೀ ಗುಸುಗುಸು ಆಗಿರುತ್ತವೆ. ಕೊಳಲು, ನಾದಸ್ವರ, ಗಂಟೆ, ಚೆಂಡೆಯ ಬಿರುಪೆಟ್ಟು ಇವು ಚೆನ್ನಾಗಿ ಸಾಗುತ್ತವೆ. ಮನುಷ್ಯನ ಕಿವಿ ಅತ್ಯಂತ ಚುರುಕಾಗಿರುವುದು ಸುಮಾರು 2000ದಿಂದ 5000 ಹರ್ಟ್ಸ್‌ವರೆಗಿನ ಶ್ರುತಿಗಳಿಗೆ. ಹೆಚ್ಚಿನ ಫೋನ್‌ಗಳಲ್ಲಿ ಕಂಪನಿಯವರೇ ಹಾಕಿಕೊಡುವ ಟೋನ್‌ಗಳು ಕಿವಿಗೆ ಚುಚ್ಚುವಂತಿರುವುದು ಇದರಿಂದಲೇ.

ಆದರೆ ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಈ ಮೇಲಿನ ಶ್ರುತಿಗಳನ್ನೇ. ಎದುರಿಗೆ ಕುಳಿತು ಆರಾಮವಾಗಿ ಮಾತನಾಡುವ ಎಪ್ಪತ್ತು ದಾಟಿದವರು ‘ಟಿಣಿಟಿಣಿ’ ಎನ್ನುವ ಫೋನನ್ನು ಗಮನಿಸದೆ ಇರುವುದು ಇದೇ ಕಾರಣಕ್ಕೆ. ಅವರನ್ನು ‘ಬೇಕೆಂದೇ ಎತ್ತಲಿಲ್ಲ’ ಎಂದು ದೂರುವ ಮೊದಲು ಟೋನ್ ಬದಲಿಸಿ ನೋಡಬೇಕು. ಅಮೆರಿಕದಲ್ಲಿ ಮನೆಗಳ ಬೆಂಕಿ ಎಚ್ಚರಿಕೆಯ ಗಂಟೆಗಳ ಬಗ್ಗೆ ನಡೆದ ಪರೀಕ್ಷೆಗಳಲ್ಲಿ, ನಿದ್ರೆಯಲ್ಲಿರುವವರನ್ನು, ಅದರಲ್ಲೂ ಕಿವಿ ಮಂದವಾದವರನ್ನು ಎಬ್ಬಿಸಲು ಸುಮಾರು 3100 ಹರ್ಟ್ಸ್‌ನ ಕಿರುಚು ದನಿಗಿಂತ 520 ಹರ್ಟ್ಸ್‌ನ ಒರಟು ದನಿ ಮೇಲೆಂದು ಕಂಡುಬಂದು, ಮಲಗುವ ಕೋಣೆಗಳ ಗಂಟೆಗೆ ಅಲ್ಲಿನ ನಿಯಮಾವಳಿಯೇ ಆ ಶ್ರುತಿಯನ್ನು ಸೂಚಿಸಿದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹಾರ್ಮೋನಿಯಂನ ಮಧ್ಯ ಸ್ಥಾಯಿ, ಶಂಖ, ಗಂಡಸಿನ ಗಟ್ಟಿ ದನಿ, ಹಳೆಯ ವಾಹನಗಳ ಹಾರ್ನ್ ಇಂಥವು ಹಿರಿಯರ ಫೋನಿಗೆ ಹೊಂದುತ್ತವೆ. ಇವು ಒರಟಾಗಿರುವುದೇ ಅನುಕೂಲ. ಆ ಒರಟುತನದಲ್ಲಿ ಮೂಲ ಶ್ರುತಿಯ ಜೊತೆಗೆ ಅನೇಕ ಉಪಸ್ವರಗಳಿರುತ್ತವೆ, ಒಂದು ಸ್ವರ ಕಿವಿಗೆ ತಪ್ಪಿದರೂ ಇನ್ನೊಂದು ಸಿಗುತ್ತದೆ.

ಗದ್ದಲದ ವಿಚಾರ ಮನೆಮನೆಗೆ ಬೇರೆ. ಮಿಕ್ಸಿಯ ಸದ್ದು ಎಡೆಬಿಡದೆ ಒಂದೇ ಸಮನೆ ಸುರಿಯುವಂಥದ್ದು. ಅದರ ನಡುವೆ ಎಳೆದೆಳೆದು ಬರುವ ರಾಗಾಲಾಪನೆ ಕರಗಿಹೋಗುತ್ತದೆ, ಬಿಟ್ಟುಬಿಟ್ಟು ಬೀಳುವ ಪೆಟ್ಟುಗಳು ಉಳಿಯುತ್ತವೆ. ಲಯದಿಂದಲೇ ಗುರುತು ಹಿಡಿಯುವಂತಿರುವ ಟೋನ್ ಎಲ್ಲೆಡೆಯೂ ಗೆಲ್ಲುತ್ತದೆ. ಹಳೆಯ ನೋಕಿಯಾ ಫೋನ್‌ಗಳಲ್ಲಿ ಸಂದೇಶ ಬಂದಾಗ ಕೇಳುತ್ತಿದ್ದ ಮೂರು ಗಿಡ್ಡ, ಎರಡು ಉದ್ದ, ಮತ್ತೆ ಮೂರು ಗಿಡ್ಡ ‘ಪೀಪ್’ಗಳನ್ನು ಮೂವತ್ತು ದಾಟಿದ ಓದುಗರು ಮರೆತಿರಲಾರರು. ಅದು ಮೋರ್ಸ್ ಸಂಕೇತದಲ್ಲಿ ‘ಎಸ್‌ಎಂಎಸ್’ ಎಂದು ಬರೆದದ್ದೇ ಆಗಿತ್ತು. ಅರ್ಥ ಗೊತ್ತಿಲ್ಲದವರಿಗೂ ಆ ಲಯ ಮನಸ್ಸಿನಲ್ಲಿ ನಿಂತಿತು.

ಇನ್ನೊಂದು ಮುಖ್ಯ ಲೆಕ್ಕವಿದೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2019ರ ನವೆಂಬರ್‌ನಲ್ಲಿ, ಎತ್ತದ ಕರೆ ಮೊಬೈಲ್‌ನಲ್ಲಿ 30 ಸೆಕೆಂಡ್, ಸ್ಥಿರ ದೂರವಾಣಿಯಲ್ಲಿ 60 ಸೆಕೆಂಡ್ ಮೊಳಗಬೇಕೆಂದು ಗೊತ್ತುಪಡಿಸಿತು. ಅಂದರೆ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿರುವವರು ಸದ್ದು ಗುರುತಿಸಿ, ಕೈ ಒರೆಸಿಕೊಂಡು, ಒಳಗೆ ಬಂದು ಎತ್ತಲು ಇರುವುದು ಅರ್ಧ ನಿಮಿಷ ಮಾತ್ರ. ಹಾಡಿನ ಆರಂಭದ ಹತ್ತು ಸೆಕೆಂಡ್ ಮೆಲ್ಲನೆಯ ಪಿಟೀಲಿನ ಎಳೆಯಾಗಿದ್ದರೆ ಆ ಅರ್ಧ ನಿಮಿಷದ ಮೂರನೆಯ ಒಂದು ಪಾಲು ವ್ಯರ್ಥವಾದಂತೆ. ಆರಿಸಿದ ತುಣುಕು ಮೊದಲ ಸೆಕೆಂಡಿನಲ್ಲೇ ತನ್ನ ಪೂರ್ತಿ ಜೋರಿಗೆ ಬರಬೇಕು.

ಅಲಾರಂಗೆ ಮಾತ್ರ ನಿಮ್ಮ ಅಚ್ಚುಮೆಚ್ಚಿನ ಹಾಡನ್ನು ಇಡಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ದಿನವೂ ಬೆಳಗಿನ ಸವಿನಿದ್ದೆಯನ್ನು ಹರಿದ ಹಾಡು ಮುಂದೆ ಎಲ್ಲಿ ಕೇಳಿದರೂ ಆ ಕಿರಿಕಿರಿಯನ್ನೇ ಹೊತ್ತು ತರುತ್ತದೆ. ನನಗೆ ಹಾಗೆ ಎರಡು ಒಳ್ಳೆಯ ಹಾಡುಗಳು ಕೈಬಿಟ್ಟುಹೋಗಿವೆ.

ತುಣುಕನ್ನು ಸಿದ್ಧಪಡಿಸುವುದು

ನಿಮ್ಮಲ್ಲಿರುವ ಹಾಡಿನ ಕಡತದಿಂದ ಬೇಕಾದ ಭಾಗವನ್ನು ಕತ್ತರಿಸಲು ಯಾವುದೇ ಸರಳ ಆಡಿಯೊ ಎಡಿಟರ್ ಸಾಕು. ‘ಸಾವಿರಾರು ಉಚಿತ ರಿಂಗ್‌ಟೋನ್’ ಎಂದು ಕರೆಯುವ ಆ್ಯಪ್‌ಗಳು ಸಂಪರ್ಕ ಪಟ್ಟಿ, ಸ್ಥಳ, ಕರೆಗಳ ವಿವರ ಇವುಗಳಿಗೆಲ್ಲ ಅನುಮತಿ ಕೇಳಿದರೆ ಅವುಗಳ ಸಹವಾಸ ಬೇಡ. ಹಾಡನ್ನು ಪಲ್ಲವಿ ಎತ್ತಿಕೊಳ್ಳುವ ಕ್ಷಣದಿಂದ ಕತ್ತರಿಸಿ. 25ರಿಂದ 30 ಸೆಕೆಂಡ್ ಉದ್ದವಿರಲಿ. ಆರಂಭದಲ್ಲಿ ಮೌನದ ತುಣುಕು ಉಳಿಯದಂತೆ ನೋಡಿಕೊಳ್ಳಿ. ಕೊನೆಯ ಒಂದು ಸೆಕೆಂಡನ್ನು ಮೆಲ್ಲಗೆ ಇಳಿಸಿ, ಆಗ ಅದು ಮತ್ತೆ ಮೊದಲಿನಿಂದ ಶುರುವಾದಾಗ ಕಿವಿಗೆ ಎಡವಿದಂತೆ ಆಗುವುದಿಲ್ಲ.

ಹಾಡಿಗಿಂತ ಉಪಯುಕ್ತವಾದದ್ದು ಮನೆಯವರ ದನಿಯನ್ನೇ ಧ್ವನಿಮುದ್ರಿಸಿ ರಿಂಗ್‌ಟೋನ್ ಮಾಡುವುದು. ದೃಷ್ಟಿ ಮಂದವಾದವರಿಗೆ, ಓದು ಬಾರದವರಿಗೆ ಇದು ದೊಡ್ಡ ಅನುಕೂಲ. ನಮ್ಮ ಅತ್ತೆಯ ಫೋನಿನಲ್ಲಿ ಮೊಮ್ಮಗಳು ಕರೆ ಮಾಡಿದರೆ, ‘ಅಜ್ಜೀ, ನಾನು! ಫೋನ್ ಎತ್ತಜ್ಜೀ!’ ಎಂದು ಅವಳ ದನಿಯೇ ಕೂಗುತ್ತದೆ. ಮಗ ಮಾಡಿದರೆ, ‘ಅಮ್ಮಾ, ಬೆಂಗಳೂರಿನಿಂದ’ ಎಂದು ಅವನೇ ಹೇಳುತ್ತಾನೆ. ಅತ್ತೆ ಕನ್ನಡಕ ಹುಡುಕುವುದನ್ನು ಬಿಟ್ಟಿದ್ದಾರೆ. ಇದನ್ನು ಮಾಡಲು ಫೋನಿನ ರೆಕಾರ್ಡರ್ ತೆರೆದು, ಫ್ಯಾನ್ ಆರಿಸಿ, ಬಾಯಿಂದ ಒಂದು ಗೇಣು ದೂರ ಹಿಡಿದು, ದೂರದಲ್ಲಿರುವವರನ್ನು ಕೂಗುವ ಧಾಟಿಯಲ್ಲಿ ಹೇಳಬೇಕು. ಒಂದು ವಾಕ್ಯ, ಎರಡು ಸೆಕೆಂಡ್ ಬಿಡುವು, ಮತ್ತೆ ಅದೇ ವಾಕ್ಯ. ಹೀಗೆ ನಾಲ್ಕು ಬಾರಿ. ಪಿಸುಮಾತಿನಂತೆ ಹೇಳಿ ಆಮೇಲೆ ಎಡಿಟರ್‌ನಲ್ಲಿ ಜೋರು ಮಾಡಿದರೆ ಗರಗರ ಸದ್ದೂ ಜೋರಾಗುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ ಅಳವಡಿಸುವ ಕ್ರಮ

ಸಿದ್ಧವಾದ ಎಂಪಿ3 ಕಡತವನ್ನು ಫೈಲ್ಸ್ ಆ್ಯಪ್ ಮೂಲಕ ಫೋನಿನ ಒಳ ಸಂಗ್ರಹದಲ್ಲಿರುವ ‘ರಿಂಗ್‌ಟೋನ್ಸ್’ ಎಂಬ ಫೋಲ್ಡರ್‌ಗೆ ಹಾಕಿ. ಸಂದೇಶದ ಸದ್ದಾದರೆ ‘ನೋಟಿಫಿಕೇಶನ್ಸ್’, ಅಲಾರಂ ಆದರೆ ‘ಅಲಾರಮ್ಸ್’ ಎಂಬ ಫೋಲ್ಡರ್. ಬಳಿಕ ಸೆಟ್ಟಿಂಗ್ಸ್‌ನ ಸೌಂಡ್ ಮತ್ತು ವೈಬ್ರೇಶನ್ ವಿಭಾಗದಲ್ಲಿ ರಿಂಗ್‌ಟೋನ್ ಒತ್ತಿದರೆ ಪಟ್ಟಿಯಲ್ಲಿ ನಿಮ್ಮ ತುಣುಕೂ ಕಾಣುತ್ತದೆ. ಎರಡು ಸಿಮ್ ಇದ್ದರೆ ಹಲವು ಕಂಪನಿಗಳ ಫೋನ್‌ಗಳಲ್ಲಿ ಪ್ರತಿ ಸಿಮ್‌ಗೂ ಬೇರೆ ಟೋನ್ ಇಡಬಹುದು. ಕಚೇರಿಯ ಸಂಖ್ಯೆ ಒಂದರಲ್ಲಿ, ಮನೆಯ ಸಂಖ್ಯೆ ಇನ್ನೊಂದರಲ್ಲಿ ಇಟ್ಟುಕೊಂಡವರಿಗೆ ಇಷ್ಟರಿಂದಲೇ ಅರ್ಧ ಕೆಲಸ ಮುಗಿಯುತ್ತದೆ.

ಒಬ್ಬೊಬ್ಬರಿಗೆ ಬೇರೆ ಸದ್ದು ಇಡಲು ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ಅವರ ಹೆಸರನ್ನು ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ, ‘ಸೆಟ್ ರಿಂಗ್‌ಟೋನ್’ ಆರಿಸಬೇಕು. ಈ ಆಯ್ಕೆ ಕಾಣದಿದ್ದರೆ ಆ ಹೆಸರು ಸಿಮ್ ಕಾರ್ಡ್‌ನಲ್ಲಿ ಉಳಿಸಿದ್ದಾಗಿರುವ ಸಾಧ್ಯತೆ ಹೆಚ್ಚು. ಸಿಮ್‌ನಲ್ಲಿ ಹೆಸರು ಮತ್ತು ಸಂಖ್ಯೆಯನ್ನು ಬಿಟ್ಟು ಇಂಥ ವಿವರಗಳಿಗೆ ಜಾಗವಿಲ್ಲ. ಅದನ್ನು ಫೋನಿಗೆ ಅಥವಾ ಗೂಗಲ್ ಖಾತೆಗೆ ವರ್ಗಾಯಿಸಿ ಮತ್ತೆ ಪ್ರಯತ್ನಿಸಿ. ಹಿರಿಯರ ಫೋನ್‌ಗಳಲ್ಲಿ ಈ ತೊಡಕು ಮತ್ತೆ ಮತ್ತೆ ಎದುರಾಗುತ್ತದೆ.

ವಾಟ್ಸ್‌ಆ್ಯಪ್ ಕರೆಗಳನ್ನು ಮರೆಯಬಾರದು. ವಿದೇಶದಲ್ಲಿರುವ ಮಕ್ಕಳು ಮಾಡುವುದು ಬಹುಪಾಲು ಆ ಕರೆಯನ್ನೇ. ಆಂಡ್ರಾಯ್ಡ್‌ನಲ್ಲಿ ಅದರ ರಿಂಗ್‌ಟೋನನ್ನು ವಾಟ್ಸ್‌ಆ್ಯಪ್‌ನ ಒಳಗಿನ ನೋಟಿಫಿಕೇಶನ್ ವಿಭಾಗದಲ್ಲೇ ಪ್ರತ್ಯೇಕವಾಗಿ ಇಡಬೇಕು. ಫೋನಿಗೆ ಹೊಸ ಟೋನ್ ಹಾಕಿ ಇಲ್ಲಿ ಹಾಕದೆ ಬಿಟ್ಟರೆ, ಡಲ್ಲಾಸ್‌ನಿಂದ ಮಗಳು ಮಾಡಿದ ಕರೆಗೆ ಕಿವಿಗೆ ಎಟುಕದ ಹಳೆಯ ಸದ್ದೇ ಬರುತ್ತಿರುತ್ತದೆ.

ಐಫೋನಿನಲ್ಲಿ

ಐಫೋನಿನಲ್ಲಿ ಸ್ವಂತ ತುಣುಕನ್ನು ರಿಂಗ್‌ಟೋನ್ ಮಾಡಲು ಆ್ಯಪಲ್‌ನದೇ ಆದ, ಉಚಿತವಾಗಿ ಸಿಗುವ ಗ್ಯಾರೇಜ್‌ಬ್ಯಾಂಡ್ ಆ್ಯಪ್ ಬಳಸಬಹುದು. ಹಾಡನ್ನು ಅದರೊಳಗೆ ತಂದು, ಕತ್ತರಿಸಿ, ‘ಮೈ ಸಾಂಗ್ಸ್’ನಲ್ಲಿ ಆ ತುಣುಕನ್ನು ಒತ್ತಿ ಹಿಡಿದು, ಶೇರ್ ಆಯ್ಕೆಯಲ್ಲಿ ರಿಂಗ್‌ಟೋನ್ ಎಂದು ಕೊಟ್ಟರೆ ಅದು ಪಟ್ಟಿಗೆ ಸೇರುತ್ತದೆ, 30 ಸೆಕೆಂಡ್ ಮೀರಿದರೆ ಕತ್ತರಿಸಲಾಗುತ್ತದೆ. ಒಬ್ಬೊಬ್ಬರಿಗೆ ಬೇರೆ ಟೋನ್ ಇಡಲು ಸಂಪರ್ಕ ವಿವರದಲ್ಲಿ ಎಡಿಟ್ ಒತ್ತಿ ರಿಂಗ್‌ಟೋನ್‌ಗೆ ಹೋಗಬೇಕು. ಅಲ್ಲಿಯೇ ಮೇಲ್ಗಡೆ ‘ಎಮರ್ಜೆನ್ಸಿ ಬೈಪಾಸ್’ ಎಂಬ ಆಯ್ಕೆ ಇದೆ. ಇದನ್ನು ಆನ್ ಮಾಡಿದರೆ ಫೋನ್ ಸೈಲೆಂಟ್‌ನಲ್ಲಿದ್ದರೂ ಆ ಒಬ್ಬರ ಕರೆಗೆ ಸದ್ದು ಬರುತ್ತದೆ. ವಯಸ್ಸಾದ ತಂದೆತಾಯಿ, ಮಕ್ಕಳ ಶಾಲೆ ಇಂಥ ಎರಡು ಮೂರು ಸಂಖ್ಯೆಗಳಿಗಿಂತ ಹೆಚ್ಚಿಗೆ ಇದನ್ನು ಕೊಡಬೇಡಿ.

ಸಂದೇಶಗಳ ಸದ್ದು

ಮೊದಲ ದಿನ ಬರೆದ ಹಾಳೆಯನ್ನು ಈಗ ಎದುರಿಗಿಟ್ಟುಕೊಳ್ಳಿ. ಆಂಡ್ರಾಯ್ಡ್ 8ರಿಂದ ಈಚೆಗೆ ಪ್ರತಿ ಆ್ಯಪ್‌ನ ಸೂಚನೆಗಳನ್ನು ಬಗೆಬಗೆಯಾಗಿ ವಿಂಗಡಿಸಿ ಒಂದೊಂದಕ್ಕೂ ಬೇರೆ ಸದ್ದು ಕೊಡುವ, ಅಥವಾ ಬಾಯಿ ಮುಚ್ಚಿಸುವ ಅವಕಾಶವಿದೆ. ಅನಗತ್ಯವಾದ ಸೂಚನೆ ಬಂದಾಗ ಅದನ್ನು ಒತ್ತಿ ಹಿಡಿದು ‘ಸೈಲೆಂಟ್’ ಎಂದು ಕೊಡುವುದು ಅತಿ ಸುಲಭದ ದಾರಿ. ಒಂದು ವಾರ ಹೀಗೆ ಮಾಡಿದರೆ ಫೋನ್ ತಾನಾಗಿಯೇ ಹದಕ್ಕೆ ಬರುತ್ತದೆ. ಬ್ಯಾಂಕಿನ ಎಸ್‌ಎಂಎಸ್‌ಗೆ ಮಾತ್ರ ಸದ್ದು ಇರಲೇಬೇಕು. ನೀವು ಮಾಡದ ವಹಿವಾಟಿನ ಸಂದೇಶ ರಾತ್ರಿ ಹನ್ನೊಂದಕ್ಕೆ ಬಂದರೆ ಅದು ಬೆಳಿಗ್ಗೆಯವರೆಗೆ ಕಾಯುವಂಥದ್ದಲ್ಲ. ಪ್ರಚಾರದ ಕರೆ ಮತ್ತು ಸಂದೇಶಗಳ ಕಾಟವನ್ನು ತಗ್ಗಿಸಲು 1909 ಸಂಖ್ಯೆಗೆ ಕರೆ ಮಾಡಿ ನೋಂದಾಯಿಸಿಕೊಳ್ಳಬಹುದು.

ಒಂದು ಸದ್ದನ್ನು ನೀವು ಆರಿಸಲಾಗದು, ಆರಿಸಲೂ ಬಾರದು. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಫೋನ್‌ಗಳೆಲ್ಲ ಒಮ್ಮೆಲೇ ಕಿರುಚಿ ಹಲವರು ಬೆಚ್ಚಿಬಿದ್ದದ್ದು ನೆನಪಿರಬಹುದು. ಅದು ನೆರೆ, ಭೂಕಂಪದಂತಹ ವಿಪತ್ತಿನ ಎಚ್ಚರಿಕೆಯನ್ನು ತಲುಪಿಸುವ ವ್ಯವಸ್ಥೆಯ ಪ್ರಯೋಗವಾಗಿತ್ತು. ಸೆಟ್ಟಿಂಗ್ಸ್‌ನಲ್ಲಿ ‘ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್’ ಎಂದಿರುವುದನ್ನು ಕಿರಿಕಿರಿಯೆಂದು ಆಫ್ ಮಾಡಬೇಡಿ.

ರಾತ್ರಿಯ ಏರ್ಪಾಡು

ರಾತ್ರಿ ಫೋನನ್ನು ಪೂರ್ತಿ ಸೈಲೆಂಟ್ ಮಾಡಿ ಮಲಗುವ ಬದಲು ‘ಡು ನಾಟ್ ಡಿಸ್ಟರ್ಬ್’ ಬಳಸಿ. ಅದರಲ್ಲಿ ಎರಡು ಬಾಗಿಲುಗಳನ್ನು ತೆರೆದಿಡಬೇಕು. ಮೊದಲನೆಯದು, ನಕ್ಷತ್ರದ ಗುರುತು ಹಾಕಿದ ಸಂಪರ್ಕಗಳಿಗೆ ಅವಕಾಶ. ಎರಡನೆಯದು, ಮತ್ತೆ ಮತ್ತೆ ಕರೆ ಮಾಡುವವರಿಗೆ ಅವಕಾಶ: ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ, ಐಫೋನಿನಲ್ಲಿ 3 ನಿಮಿಷದೊಳಗೆ ಅದೇ ವ್ಯಕ್ತಿ ಎರಡನೆಯ ಬಾರಿ ಕರೆ ಮಾಡಿದರೆ ಸದ್ದು ಬರುತ್ತದೆ. ಅಪಘಾತವೋ ಆಸ್ಪತ್ರೆಯೋ ಆದಾಗ ಗುರುತಿಲ್ಲದ ಸಂಖ್ಯೆಯಿಂದಲೇ ಕರೆ ಬರುವುದು ಹೆಚ್ಚಾದ್ದರಿಂದ ಈ ಎರಡನೆಯ ಬಾಗಿಲು ಬಹಳ ಮುಖ್ಯ. ಮನೆಯವರಿಗೆಲ್ಲ ‘ತುರ್ತಿದ್ದರೆ ಕೂಡಲೇ ಇನ್ನೊಮ್ಮೆ ಮಾಡಿ’ ಎಂದು ಹೇಳಿಟ್ಟಿರಿ.

ಸದ್ದು ಇದ್ದರೂ ಕೇಳದಿರುವ ಕಾರಣಗಳು

ಎಲ್ಲವನ್ನೂ ಸರಿಯಾಗಿ ಇಟ್ಟ ಮೇಲೂ ಕರೆಗಳು ತಪ್ಪುತ್ತಿದ್ದರೆ ಇವನ್ನು ಪರಿಶೀಲಿಸಿ. ಕರೆ ಮೊಳಗುವಾಗ ಪಕ್ಕದ ವಾಲ್ಯೂಮ್ ಗುಂಡಿ ತಾಗಿದರೆ ಸದ್ದು ನಿಂತುಬಿಡುತ್ತದೆ. ಬಿಗಿಯಾದ ಜೇಬಿನಿಂದ ಫೋನ್ ಎಳೆಯುವಾಗ ಇದು ಪದೇ ಪದೇ ಆಗುತ್ತದೆ. ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಪವರ್ ಮತ್ತು ವಾಲ್ಯೂಮ್ ಹೆಚ್ಚಿಸುವ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಫೋನ್ ವೈಬ್ರೇಟ್‌ಗೆ ಹೋಗುತ್ತದೆ. ಸೆಟ್ಟಿಂಗ್ಸ್‌ನ ಜೆಸ್ಚರ್ಸ್ ವಿಭಾಗದಲ್ಲಿ ‘ಪ್ರಿವೆಂಟ್ ರಿಂಗಿಂಗ್’ ಎಂಬುದನ್ನು ಆಫ್ ಮಾಡಿಡಿ. ಐಫೋನಿನಲ್ಲಿ ‘ಚೇಂಜ್ ವಿತ್ ಬಟನ್ಸ್’ ಆಫ್ ಮಾಡಿದರೆ, ಗುಂಡಿ ತಾಗಿ ರಿಂಗಿನ ಮಟ್ಟ ಇಳಿಯುವುದಿಲ್ಲ. ಅಡುಗೆಮನೆಯಲ್ಲಿರುವ ಫೋನಿನ ಸ್ಪೀಕರ್ ರಂಧ್ರಗಳಲ್ಲಿ ಹಿಟ್ಟು ಮತ್ತು ಜಿಡ್ಡು ಸೇರಿರುತ್ತದೆ. ಒಣಗಿದ ಮೆತ್ತನೆಯ ಬ್ರಷ್‌ನಿಂದ ತಿಂಗಳಿಗೊಮ್ಮೆ ಸವರಿ. ಮಡಿಸಿದ ಟವೆಲ್, ಹಾಸಿಗೆ ಇವು ಸದ್ದನ್ನು ಕುಡಿಯುತ್ತವೆ. ಖಾಲಿ ಸ್ಟೀಲ್ ಚೊಂಬಿನಲ್ಲಿ ಫೋನನ್ನು ಸ್ಪೀಕರ್ ಕೆಳಗಾಗುವಂತೆ ನಿಲ್ಲಿಸಿದರೆ ಅದೇ ಸದ್ದು ಪಡಸಾಲೆಯವರೆಗೆ ಬರುತ್ತದೆ.

ಕಿವಿ ತೀರಾ ಮಂದವಾದವರಿಗೆ ಬೆಳಕಿನ ನೆರವು ಪಡೆಯಬಹುದು. ಐಫೋನಿನ ಆ್ಯಕ್ಸೆಸಿಬಿಲಿಟಿ ವಿಭಾಗದಲ್ಲಿ ಕರೆ ಬಂದಾಗ ಕ್ಯಾಮೆರಾ ಫ್ಲ್ಯಾಶ್ ಮಿನುಗುವ ಆಯ್ಕೆ ಇದೆ. ಈಚಿನ ಆಂಡ್ರಾಯ್ಡ್ ಫೋನ್‌ಗಳಲ್ಲೂ ಇದೆ.

ಬಸ್ಸು, ದೇವಸ್ಥಾನ, ಸಾವಿನ ಮನೆ

ಕೆಎಸ್‌ಆರ್‌ಟಿಸಿ 2021ರ ನವೆಂಬರ್‌ನಲ್ಲಿ ಬಸ್ಸಿನೊಳಗೆ ಫೋನಿನ ಸ್ಪೀಕರ್‌ನಲ್ಲಿ ಜೋರಾಗಿ ಹಾಡು, ವಿಡಿಯೊ ಹಾಕುವುದನ್ನು ನಿಷೇಧಿಸಿತು. ರಿಂಗ್‌ಟೋನ್‌ಗೆ ಅಂಥ ನಿಯಮವಿಲ್ಲವಾದರೂ ರಾತ್ರಿ ಬಸ್ಸಿನಲ್ಲಿ ಅದೇ ಮರ್ಯಾದೆ ಸಲ್ಲಬೇಕು. ಸಾವಿನ ಮನೆಯಲ್ಲಿ ಕುಣಿತದ ಹಾಡು ಮೊಳಗಿದರೆ ಆಗುವ ಮುಜುಗರಕ್ಕೆ ಬೇರೆ ಮದ್ದಿಲ್ಲ. ಚಪ್ಪಲಿ ಬಿಡುವ ಹೊತ್ತಿಗೇ ಫೋನನ್ನು ವೈಬ್ರೇಟ್‌ಗೆ ಹಾಕುವ ರೂಢಿ ಮಾಡಿಕೊಳ್ಳಿ.

ಕೊನೆಯ ಹಂತ: ಪರೀಕ್ಷೆ

ಕೈಯಲ್ಲಿ ಫೋನ್ ಹಿಡಿದು ಕೇಳಿ ಒಪ್ಪಿಕೊಂಡ ಟೋನನ್ನು ನಂಬಬೇಡಿ. ಫೋನನ್ನು ಅದು ದಿನವೂ ಇರುವ ಜಾಗದಲ್ಲೇ ಇಟ್ಟು, ಅದನ್ನು ಬಳಸುವವರು ಪಕ್ಕದ ಕೋಣೆಗೆ ಹೋಗಲಿ. ಒಮ್ಮೆ ಮಿಕ್ಸಿ ಹಾಕಿ, ಒಮ್ಮೆ ಟಿವಿ ಹಾಕಿ, ಒಮ್ಮೆ ಫೋನನ್ನು ಕೈಚೀಲದೊಳಗೆ ಇಟ್ಟು ಕರೆ ಮಾಡಿ. ಎಷ್ಟನೆಯ ಸೆಕೆಂಡಿಗೆ ಅವರು ತಿರುಗಿ ನೋಡಿದರೆಂಬುದನ್ನು ಗಮನಿಸಿ. ಹತ್ತು ದಾಟಿದರೆ ಟೋನ್ ಬದಲಿಸಬೇಕು. ಹಿರಿಯರ ಫೋನಾದರೆ ಒಂದೊಂದು ಸದ್ದನ್ನೂ ಅವರ ಎದುರು ನುಡಿಸಿ, ಇದು ಯಾರದೆಂದು ಅವರ ಬಾಯಿಂದಲೇ ಹೇಳಿಸಿ. ವಾರದ ಬಳಿಕ ಮತ್ತೊಮ್ಮೆ ಕೇಳಿ. ನಮ್ಮ ಮನೆಯಲ್ಲಿ ಈ ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಯ ಕ್ಯಾಲೆಂಡರಿನ ಪಕ್ಕಕ್ಕೆ ಅಂಟಿಸಿದ್ದೇವೆ: ಹಾರ್ಮೋನಿಯಂ ಮಗನದು, ಶಂಖ ಮಗಳದು, ಗಂಟೆ ಬೇರೆ ಯಾರದಾದರೂ.